ದೋತರದ ಪುಸ್ತಕ

೩ ಫೆಬ್ರುವರಿ ೧೯೮೬, ಸೋಮವಾರ, ಮಧ್ಯಾಹ್ನ

ರೊಟ್ಟಿ ಬಡಿದು ಬಂದು ಕೂತಿದ್ದೇನೆ. ಬೆರಳು ಇನ್ನೂ ಸುಡುತ್ತಿವೆ, ಅದಕ್ಕೇ ಅಕ್ಷರ ಹೀಗೆ ವಾಲುತ್ತಿವೆ. ತಪ್ಪುಗಳೂ ಇರುತ್ತವೆ, ಕಲಿತದ್ದು ನಾಲ್ಕನೆಯ ಇಯತ್ತೆ ಮಾತ್ರ. ಇದನ್ನು ಯಾರೂ ಓದುವುದಿಲ್ಲ. ಆದರೂ ಮೊದಲೇ ಕ್ಷಮೆ ಕೇಳಿಬಿಟ್ಟರೆ ಪೆನ್ನು ಮುಂದೆ ಹೋಗುತ್ತದೆ.

ಇವತ್ತು ಹತ್ತನೆಯ ಹಾಳೆ ಮುಗಿಯಿತು. ಹಾಳೆ ಅಂದರೆ ಅಣ್ಣನ ಹಳೆಯ ದೋತರದ ತುಂಡು. ಎರಡು ಪದರ, ನಡುವೆ ಮೆತ್ತಗಿನ ಚಿಂದಿ. ಅದರ ಮೇಲೆ ಸಾಲು ಸಾಲಾಗಿ ಹೊಲಿಯುತ್ತೇನೆ. ಖಾಸಿಂಬಿ ಚಾಚಿ ಹಳೆ ಸೀರೆಗಳಿಂದ ನಮ್ಮ ಮನೆಯ ಕೌದಿ ಹೊಲಿಯಲು ಬಂದಾಗ ಉಳಿದ ದಾರ — ಕೆಂಪು, ಕರಿ. ದೂರದಿಂದ ನೋಡಿದರೆ ಬರೆದ ಹಾಗೇ ಕಾಣುತ್ತದೆ. ಹತ್ತಿರ ಬಂದರೆ ಒಂದೂ ಅಕ್ಷರವಿಲ್ಲ. ಕೊಂಬಿಲ್ಲ, ದೀರ್ಘವಿಲ್ಲ. ತಪ್ಪು ಹುಡುಕಲು ಬಂದವರಿಗೆ ಏನೂ ಸಿಗುವುದಿಲ್ಲ.

ಹೋದ ವರ್ಷ ಅಣ್ಣನ ಹೆಂಡತಿ, ವೈನಿ, ಬಾಣಂತನಕ್ಕೆ ಯರಗುಪ್ಪಿಯ ತವರಿನಲ್ಲಿದ್ದಾಗ ಇನ್‌ಲ್ಯಾಂಡ್ ಲೆಟರ್ ಬರೆದಿದ್ದೆ. ಅದನ್ನು ಅಂಗಳದಲ್ಲಿ ಎಲ್ಲರ ಮುಂದೆ ಓದಿ ನಕ್ಕರಂತೆ. ವೈನಿಯೇ ಬಂದು ಹೇಳಿದರು, ನಗುತ್ತ. ಅಂದಿನಿಂದ ಯಾರಿಗೂ ಕಾಗದ ಬರೆದಿಲ್ಲ. ಆದರೆ ಬರೆಯದೆ ಇರಲೂ ಆಗಲಿಲ್ಲ.

೮ ಫೆಬ್ರುವರಿ, ಶನಿವಾರ

ಕೊನೆಯ ಹಾಳೆ. ಕುಸುಬಿ ಕೀಳಲು ಹೋದ ದಿನದ್ದು. ಸಾಲು ಗಿಡ್ಡ ಗಿಡ್ಡ, ಮುಳ್ಳು ಚುಚ್ಚಿದಲ್ಲೆಲ್ಲ ಕೆಂಪು ಗಂಟು.

ಕೌದಿಯ ಕೊನೆಯ ಮೂಲೆ ಮುಚ್ಚುವ ಮುಂಚೆ ಚಾಚಿ ಒಳಗೆ ಒಂದು ಚೂರು ರೊಟ್ಟಿ, ನಾಲ್ಕು ಕಾಳು ಜೋಳ ಇಡುತ್ತಾಳೆ. "ಹಸದ ಕೌದಿ ಯಾರಿಗೂ ಕೊಡಬಾರದವಾ," ಅನ್ನುತ್ತಾಳೆ. ನಾನೂ ಇಟ್ಟೆ. ಪುಸ್ತಕವಾದರೇನು, ಹೊಲಿದದ್ದೇ ಅಲ್ಲವೆ.

ಒಂದು ಅಂಚು ಉಳಿದಿದೆ. ನಾಳೆ ಅಮವಾಸ್ಯೆ, ಸೂಜಿ ಹಿಡಿಯಬಾರದು. ಹಿಡಿಯುತ್ತೇನೆ.

೧೦ ಫೆಬ್ರುವರಿ, ಸೋಮವಾರ

ವೈನಿಯ ಕೂಸಿಗೆ ಮೂರು ದಿನದಿಂದ ವಾಂತಿ ಭೇದಿ. ನಿನ್ನೆ ವೈನಿ ಜೋಳ ತೆಗೆಯಲು ಹೋಗಿ, ಚೀಲದ ಹಿಂದೆ ನಾನು ಮುಚ್ಚಿಟ್ಟ ಪುಸ್ತಕ ತಂದು ನಡುಮನೆಯಲ್ಲಿ ಒಗೆದರು.

"ನೋಡ್ರಿ ಇದನ್ನ. ಯಾವ ಭಾಷಾನೂ ಅಲ್ಲ. ತುಂಬ ಗಂಟು. ಇವತ್ತ ಅಮಾಸಿ ದಿನಾನ ಸೂಜಿ ಹಿಡದು ಕುಂತಿದ್ಲು, ನಾ ಕಣ್ಣಾರೆ ನೋಡೇನಿ."

ಅಣ್ಣ ತಿರುಗಿಸಿ ಮುರುಗಿಸಿ ನೋಡಿದ. "ಏನ್ ಬರದೀಯೇ ರೇವಿ ಇದರಾಗ?"

ಹೇಳಲು ಇದ್ದದ್ದೆಲ್ಲ ಅದರಲ್ಲೇ ಇತ್ತು.

"ಕೇಳಾಕತ್ತೀನಿ, ಏನ್ ಬರದಿ?"

"ಅಕ್ಷರ ಇಲ್ಲಣ್ಣಾ."

"ಮತ್ತ ಅಕ್ಷರ ಇಲ್ದ ಬರಿಯೋದು ಮಾಟದವ್ರ," ಎಂದರು ವೈನಿ. ಅವ್ವ ಕೂಸನ್ನು ಎದೆಗೆ ಒತ್ತಿಕೊಂಡು ಒಳಗೆ ಹೋದಳು. ಅವ್ವ ಕೂಡ.

ಅಣ್ಣ ಅಂದ: "ಒಲಿಗೆ ಹಾಕು. ಸುಮ್ನ ಯಾಕ ರಗಳಿ."

ಬೇಡ ಎಂದೆ. ಅಣ್ಣನಿಗೆ ಬೇಡ ಎಂದದ್ದು ಹುಟ್ಟಿದ ಮೇಲೆ ಇದೇ ಮೊದಲು. "ಸುಡಬ್ಯಾಡ. ವೈನಿ ತಮ್ಮ ಕೈಲೇ ಬಿಚ್ಚಿ ನೋಡ್ಲಿ. ಒಳಗ ಏನರೆ ಇದ್ರ ಆಮ್ಯಾಲ ಸುಡು."

ವೈನಿ ಬ್ಲೇಡು ತಂದರು. ಹನ್ನೊಂದು ಹಾಳೆ. ಒಂದೊಂದೇ ಸಾಲು ಕತ್ತರಿಸಿ ಎಳೆದರು. ನಾನು ಎದುರಿಗೇ ಕೂತೆ, ಎದ್ದು ಹೋಗಲಿಲ್ಲ. ಹತ್ತು ಹಾಳೆಯಲ್ಲಿ ಚಿಂದಿ ಬಿಟ್ಟು ಏನೂ ಸಿಗಲಿಲ್ಲ. ಅವರ ಕೈ ನಿಧಾನವಾಯಿತು. ಹನ್ನೊಂದನೆಯದರ ಮೂಲೆಯಿಂದ ರೊಟ್ಟಿಯ ಚೂರು ಬಿತ್ತು. ನಾಲ್ಕು ಕಾಳು.

ನಾನು ಮರೆತೇಬಿಟ್ಟಿದ್ದೆ.

ವೈನಿ ಕಿರುಚಿ ಹಿಂದೆ ಸರಿದರು. ಕೌದಿಗೆ ಇಡುತ್ತಾರಲ್ಲ, ಅದೇ, ಎಂದು ಹೇಳಬೇಕಿತ್ತು. ತುಂಡುಗಳನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಹಿತ್ತಲಿಗೆ ಓಡಿದೆ. ಒಲೆಗೆ ಕೊಡಲಿಲ್ಲ.

ಇವತ್ತು ಯಾರೂ ನನ್ನ ಕೈಯ ನೀರು ಕುಡಿದಿಲ್ಲ. ಕೂಸನ್ನು ಮುಟ್ಟಲು ಬಿಟ್ಟಿಲ್ಲ.

೧೩ ಫೆಬ್ರುವರಿ, ಗುರುವಾರ

ಮೊನ್ನೆ ಅಣ್ಣ ಕೂಸನ್ನು ಅಣ್ಣಿಗೇರಿಯ ಡಾಕ್ಟರ ಹತ್ತಿರ ಒಯ್ದ. ಕುದಿಸಿ ಆರಿಸಿದ ನೀರಿನಲ್ಲಿ ಕಲಸಿ ಕುಡಿಸುವ ಪುಡಿ ಕೊಟ್ಟರು. ಇವತ್ತು ಮೊಲೆ ಹಿಡಿಯಿತು.

ವೈನಿ ಅಂದರು: "ಹೊಲಿಗಿ ಬಿಚ್ಚಿದ ಮ್ಯಾಲೇ ಇಳೀತು ನೋಡ್ರಿ."

ಅಂದರೆ ಆರಾಮಾದರೂ ತಪ್ಪು ನನ್ನದೇ. ಆಗ ಎದ್ದೆ. ಯಾರನ್ನೂ ಕೇಳದೆ ಚಾಚಿಯ ಮನೆಗೆ ನಡೆದೆ. ಹಾಡುಹಗಲು, ಕಟ್ಟೆಯ ಮೇಲೆ ಗಂಡಸರು ಕೂತಿದ್ದರು. ಅವರ ಮುಂದಿನಿಂದಲೇ ಹೋದೆ.

ಎಲ್ಲ ಕೇಳಿ ಚಾಚಿ ನನ್ನ ಜೊತೆ ಮನೆಗೆ ಬಂದವಳೇ ಕೂಸು ಮಲಗಿದ್ದ ಕೌದಿಯ ಮೂಲೆ ಹಿಡಿದು ವೈನಿಯ ಕಡೆ ತಿರುಗಿದಳು.

"ಸಾವಿತ್ರೆವ್ವ, ಇದನ್ನ ಹೊಲದಾಕಿ ಯಾರ?"

"ನೀವ ಅಲ್ರಿ."

"ಹಂಗಾರ ನಾನೂ ಮಾಟಗಾತಿ. ನೋಡು."

ಹಲ್ಲಿನಿಂದ ದಾರ ಕಡಿದು ಮೂಲೆ ಬಿಚ್ಚಿದಳು. ಕಪ್ಪಾದ ರೊಟ್ಟಿ ಚೂರು, ನಾಲ್ಕು ಕಾಳು. "ನಿನ್ನ ಮಗಳು ಹುಟ್ಟಿದಾಗಿಂದ ಇದರ ಮ್ಯಾಲೇ ಮಕ್ಕೊಂಡೈತಿ. ನಿಮ್ಮ ತವರಮನಿ ಕೌದಿ ತಾ, ಅದನ್ನೂ ಬಿಚ್ಚೂಣು. ಊರಾನ ಕೌದಿ ಎಲ್ಲಾ ಬಿಚ್ಚೂಣು. ತಿರುಗಿ ಹೊಲ್ಯಾಕ ನನಗರೆ ಕೆಲಸ ಸಿಗತೈತಿ."

ಅಣ್ಣನಿಗೆ ನಗು ಬಂತು. ಒಬ್ಬನೇ ನಕ್ಕ. ವೈನಿ ತಲೆ ತಗ್ಗಿಸಿ ಕೌದಿಯ ಮೂಲೆ ಮುಚ್ಚಲು ಸೂಜಿ ಹುಡುಕಿದರು. ನನ್ನ ಕಡೆ ನೋಡಲಿಲ್ಲ.

೨ ಮಾರ್ಚ್, ರವಿವಾರ

ಜೋಳದ ಸುಗ್ಗಿ. ಬರೆಯಲು ಬಿಡುವಿರಲಿಲ್ಲ.

ತುಂಡುಗಳನ್ನು ಒಗೆದೆ. ದಾರ ಹೋದರೂ ತೂತು ಉಳಿದಿವೆ. ಬಿಸಿಲಿಗೆ ಹಿಡಿದರೆ ಹಳೆಯ ಸಾಲುಗಳೆಲ್ಲ ಬೆಳಕಿನ ಚುಕ್ಕೆಗಳಾಗಿ ಕಾಣುತ್ತವೆ. ಅವೇ ತೂತುಗಳಲ್ಲಿ ಸೂಜಿ ಹಾಕಿದರೆ ಬೇಗ ಮುಗಿಯುತ್ತಿತ್ತು. ಹಾಕಲಿಲ್ಲ. ಅವು ಹಾಗೇ ಇರಲಿ. ಪಕ್ಕದಲ್ಲಿ ಹೊಸ ಸಾಲು ಹೊಲಿಯುತ್ತಿದ್ದೇನೆ. ಜೋಳದ ಚೀಲದ ಹಿಂದೆ ಅಲ್ಲ, ನಡುಮನೆಯಲ್ಲಿ ಕೂತು.

೭ ಮಾರ್ಚ್, ಶುಕ್ರವಾರ

ವೈನಿ ಕೂಸನ್ನು ನನ್ನ ತೊಡೆಯ ಮೇಲೆ ಹಾಕಿ ಬಾಜುಕ ಕೂತರು. ಒಂದು ಹಾಳೆಯ ಮೇಲೆ ಬೆರಳಿಟ್ಟರು.

"ಇದು ಏನಂತೈತಿ?"

"ಮಳಿಗಾಲದಾಗ ಮಾಳಿಗಿ ಸೋರಿದ್ದು."

"ಇದು?"

ಹೇಳಲೋ ಬೇಡವೋ ಅನ್ನಿಸಿತು. ಹೇಳಿದೆ. "ನನ್ನ ಕಾಗದ ಓದಿ ನೀವೆಲ್ಲ ನಕ್ಕದ್ದು."

ಆ ಹಾಳೆಯಲ್ಲಿ ಸಾಲು ಮೇಲೆ ಕೆಳಗೆ ಹಾರುತ್ತವೆ. ಕೆಳಗಡೆ ಒಂದೇ ಕರಿ ಸಾಲು, ಬಹಳ ಸಣ್ಣ ಹೊಲಿಗೆ. ವೈನಿ ಅದರ ಮೇಲೆ ಬೆರಳು ಎಳೆದರು, ಕೊನೆಯವರೆಗೆ.

"ಇದೊಂದು ತಗದಬಿಡು ರೇವಿ."

"ತಗಿಯೂದಿಲ್ರಿ ವೈನಿ."

"ಯಾರರೆ ನೋಡಿದ್ರ?"

"ನೋಡ್ಲಿ. ನಾ ಹೇಳಿದ್ರಷ್ಟ ತಿಳಿತೈತಿ."

ಅವರು ಎದ್ದು ಹೋದರು. ಸಿಟ್ಟು ಬಂದಿರಬೇಕು. ಸಂಜೆ ನೋಡಿದರೆ ನನ್ನ ಸೂಜಿಡಬ್ಬಿಯಲ್ಲಿ ಹಸಿರು ದಾರದ ಒಂದು ಉಂಡೆ ಇತ್ತು. ಯಾರು ಇಟ್ಟರು ಎಂದು ಕೇಳಲಿಲ್ಲ.

೧೬ ಮಾರ್ಚ್, ರವಿವಾರ, ಬೆಳಿಗ್ಗೆ

ಪುಸ್ತಕ ಮುಗಿಯಿತು. ಸುಗ್ಗಿಯ ಧೂಳು ಹಿಡಿದಿತ್ತು. ಈಗ ಒಗೆದು ಬಂದೆ. ಹಿತ್ತಲಲ್ಲಿ ಹಾಕಬಹುದಿತ್ತು. ಬೀದಿಯ ಕಡೆಯ ಹಗ್ಗಕ್ಕೆ ಹಾಕಿದೆ, ಹಾಳೆಗಳು ಬಿಚ್ಚಿಕೊಳ್ಳುವ ಹಾಗೆ.

ಎದುರು ಮನೆಯ ರೇಣುಕವ್ವ ಕೊಡ ಹೊತ್ತು ಹೋಗುತ್ತಿದ್ದವಳು ನಿಂತಳು. "ಏನಬೇ ಅದು, ಯಾರ್ ಬರದಾರ?"

ಒಳಗೆ ಓಡಲಿಲ್ಲ. ಹಗ್ಗ ಹಿಡಿದು ನಿಂತೆ.

"ನಾ ಬರದೀನಿ," ಅಂದೆ. ಅವಳು ಕೊಡ ಕೆಳಗಿಟ್ಟು ಹತ್ತಿರ ಬಂದಳು, ಮೊದಲ ಹಾಳೆ ಹಿಡಿದು ಓದಿ ಹೇಳು ಎಂದಳು. ನಾನು ಮೊದಲ ಸಾಲಿನ ಮೇಲೆ ಬೆರಳಿಟ್ಟು ಹೇಳತೊಡಗಿದೆ.