ಥ್ರೋಬಾಲ್ ಆಡಲು ಎದ್ದವನಿಗೆ

ಬನಶಂಕರಿ ಮೂರನೇ ಹಂತ
ಸೋಮವಾರ ಸಂಜೆ

ಪ್ರೀತಿಯ ದೀಪಕ್,

ಒಂಬತ್ತನೇ ತರಗತಿಯವರೆಲ್ಲರ ಎದುರು ಹೊಗಳಿದರೆ ನೀನು ಡೆಸ್ಕಿನ ಕೆಳಗೆ ಅವಿತುಕೊಳ್ಳುತ್ತೀಯ. ಅದಕ್ಕೇ ಈ ಕಾಗದ.

ಶುಕ್ರವಾರ ಬೆಳಿಗ್ಗೆಯ ನನ್ನ ಪಾಠ ನೆನಪಿದೆಯಲ್ಲ? "ಫ್ರೆಂಡ್ಸೆಲ್ಲ ಸೇರಿ ಒಬ್ಬರನ್ನ ಆಡ್ಕೊಂಡ್ರೆ ಏನ್ ಮಾಡ್ತೀರಾ?" ಎಂದು ಕೇಳಿದ್ದೆ. "ನಾವು ಸೇರಲ್ಲ ಮಿಸ್!" ಎಂದು ಇಡೀ ತರಗತಿ ಕೂಗಿತು. ಪಕ್ಕದವರು ಕೂಗಿದರೆಂದೇ ಕೂಗಿದವರೂ ಇದ್ದರು. ನನಗೆ ನಗು ಬಂತು, ಸ್ವಲ್ಪ ಭಯವೂ ಆಯಿತು.

ಮಧ್ಯಾಹ್ನ ಪಕ್ಕದ ಸೆಕ್ಷನ್ನಿನ ಜೊತೆ ನಮ್ಮ ಹುಡುಗಿಯರ ಥ್ರೋಬಾಲ್ ಪಂದ್ಯ. ತಂಡದ ಶಾಲಿನಿಗೆ ಜ್ವರ, ಬೇರೆ ಹುಡುಗಿಯರು ಉಳಿದಿರಲಿಲ್ಲ. ಬದಲಿ ಸಿಗದಿದ್ದರೆ ಆಡದೆಯೇ ಸೋತಂತೆ. "ಹುಡುಗ್ರಾದ್ರೂ ಪರ್ವಾಗಿಲ್ಲ, ಯಾರಾದ್ರೂ ಬನ್ರೋ" ಎಂದು ಕ್ಯಾಪ್ಟನ್ ಧೃತಿ ಗೋಗರೆದಳು. ಕಟ್ಟೆಯ ಮೇಲಿದ್ದ ಹುಡುಗರೆಲ್ಲ ತಂತಮ್ಮ ಷೂ ನೋಡತೊಡಗಿದರು. ನೀನು ಅರ್ಧ ಎದ್ದೆ. "ಹುಡುಗೀರ ಆಟ ಮಗಾ, ಬಳೆ ಹಾಕ್ಕೊಂಡು ಹೋಗು" ಎಂದ ಪ್ರಮೋದ್. ಎಲ್ಲರೂ ನಕ್ಕರು. ನೀನು ಕೂತುಬಿಟ್ಟೆ.

ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಮತ್ತೆ ಎದ್ದೆ. ಕಿವಿ ಕೆಂಪಾಗಿತ್ತು.

"ನಮ್ಮಜ್ಜಿ ಕೈ ತುಂಬ ಬಳೆ ಹಾಕ್ಕೊಂಡೇ ಇಟ್ಟಮಡು ಹೊಲದಲ್ಲಿ ರಾಗಿ ಮೂಟೆ ಹೊರ್ತಿದ್ರು ಕಣೋ. ಅದ್ರಲ್ಲಿ ಅವಮಾನ ಏನಿದೆ?"

ನೀನು ಅಂಗಳಕ್ಕೆ ಇಳಿದೆ.

ಆಮೇಲಿನದನ್ನೂ ಬರೆಯಲೇಬೇಕು, ಕ್ಷಮಿಸು. ನಿನ್ನಷ್ಟು ಕೆಟ್ಟದಾಗಿ ಥ್ರೋಬಾಲ್ ಆಡಿದವರನ್ನು ನಾನು ಕಂಡಿಲ್ಲ! ನೀನೆಸೆದ ಚೆಂಡು ಕಾಂಪೌಂಡ್ ದಾಟಿ ಎಳನೀರಿನ ಗಾಡಿಯ ಮೇಲೆ ಬಿತ್ತು. ನಾವು ಸೋತೆವು. ಧೃತಿ ಹೊಟ್ಟೆ ಹಿಡಿದುಕೊಂಡು ನಗುತ್ತ, "ಸೋಮವಾರ ಪ್ರಾಕ್ಟೀಸ್‌ಗೆ ಬಾ, ಕಲಿಸ್ತೀನಿ" ಎಂದಳು. ನೀನೂ ನಕ್ಕೆ. ಆ ನಗುವಿನಲ್ಲಿ ಯಾರೂ ಸಣ್ಣವರಾಗಲಿಲ್ಲ.

ಇವತ್ತು ನೀನು ಪ್ರಾಕ್ಟೀಸಿಗೆ ಹೋದ ಮೇಲೆ ಪ್ರಮೋದ್ ಸ್ಟಾಫ್ ರೂಮಿನ ಬಾಗಿಲಿಗೆ ಬಂದ. "ಮಿಸ್, ಥ್ರೋಬಾಲಲ್ಲಿ ಇನ್ನೊಬ್ರಿಗೆ ಜಾಗ ಇದ್ಯಾ?"

"ನನ್ನನ್ನಲ್ಲ, ಧೃತೀನ ಕೇಳು" ಎಂದೆ.

ಕಿಟಕಿಯಿಂದ ನೋಡುತ್ತಲೇ ಇದ್ದೆ. ಅವನು ಹುಡುಗರ ಕಟ್ಟೆಯತ್ತ ತಿರುಗಿ ತಿರುಗಿ ನೋಡಿದ, ಆಮೇಲೆ ಹೋಗಿಯೇಬಿಟ್ಟ. ಧೃತಿ ಸೊಂಟದ ಮೇಲೆ ಕೈಯಿಟ್ಟು ಏನೋ ಅಂದಳು. ಅವನು ತಲೆ ಕೆರೆದುಕೊಳ್ಳುತ್ತ ಬಂದು ಸಾಲಿನ ಕೊನೆಯಲ್ಲಿ, ನಿನ್ನ ಹಿಂದೆ ನಿಂತ. ನೀನು ತಿರುಗಿದೆ. ನಿನ್ನ ಸರದಿಯ ಚೆಂಡನ್ನು ಅವನ ಕೈಗೆ ಕೊಟ್ಟುಬಿಟ್ಟೆ.

ಈ ಮನಸ್ಸು ನಿನ್ನ ಜೊತೆಗೇ ಎತ್ತರಕ್ಕೆ ಬೆಳೆಯಲಿ, ಮಗು.

ಹೆಮ್ಮೆಯಿಂದ ಬೀಗುತ್ತಿರುವ,
ನಿನ್ನ ಚೂಡಾಮಣಿ ಮಿಸ್