ಬೈರಮ್ಮನ ಮಗ ಜಗನ್

ನವೆಂಬರ್ 12, ಬುಧವಾರ

ಜಗನ್ ಮೇಲೆ ಈವರೆಗೆ ಬಿದ್ದ ಖರ್ಚು: ಫೋಟೋದವನಿಗೆ ಮೂರು ಸಾವಿರ. ರೀಲ್ಸ್ ಎಡಿಟ್ ಮಾಡುವ ಹುಡುಗಿಗೆ ಎರಡು. ಬಾಗಲೂರಿಗೆ ಹೋಗಿ ಬಂದು, ಹೋಗಿ ಬಂದು, ಸ್ಕೂಟರಿನ ಹಿಂದಿನ ಟೈರು. ನನ್ನ ಗಂಟಲು — ಅದಕ್ಕೆ ಬಿಲ್ ಇಲ್ಲ. ಬಂದದ್ದು: ಹನ್ನೊಂದು ಟಿಕೆಟ್. ಅದರಲ್ಲಿ ನಾಲ್ಕು ನಾನೇ ಕೊಂಡಿದ್ದು, ಬೋಣಿ ಆಗಲಿ ಅಂತ.

ಬೆಳಿಗ್ಗೆ ಯಶವಂತಪುರದಲ್ಲಿ ಮೂರು ಜಿಮ್, ಒಂದು ಕಾಲೇಜು ಕ್ಯಾಂಟೀನು. ಮುಂಬೈ ಚಾಂಪಿಯನ್ ಹೆಸರೆತ್ತಿದರೆ ಹುಡುಗರು ಮೊಬೈಲಲ್ಲಿ ಅವನ ವಿಡಿಯೋ ತೆಗೆದು ನನಗೇ ತೋರಿಸುತ್ತಾರೆ. ಅವನೆದುರು ಚಾಂಪಿಯನ್ ಬೆಲ್ಟಿಗೆ ಫೈಟ್ ಆಡುವವನು ನಮ್ಮ ಬಾಗಲೂರಿನ ಜಗನ್ ಅಂದರೆ — "ಯಾವ ಜಗನ್ ಗುರು?"

ಅದೇ ನನ್ನ ಕೆಲಸ. ಯಾರಿಗೂ ಗೊತ್ತಿಲ್ಲದ ಚಾಲೆಂಜರನ್ನು ಗೊತ್ತು ಮಾಡಿಸುವುದು. ಕುಸ್ತಿ, ಬಾಕ್ಸಿಂಗ್, ಒದೆ, ಎಲ್ಲ ಸೇರಿದ ಎಂಎಂಎ. ಅದೂ ಯಲಹಂಕದ ಒಂದು ಕಲ್ಯಾಣ ಮಂಟಪದಲ್ಲಿ, ಮುಹೂರ್ತವಿಲ್ಲದ ಭಾನುವಾರ.

ಒಂದು ಕಾಲಕ್ಕೆ ಇದೇ ಯಶವಂತಪುರದಲ್ಲಿ "ತುಮ್ಕೂರ್ ತುಮ್ಕೂರ್ ತುಮ್ಕೂರ್" ಅಂತ ಪ್ರೈವೇಟ್ ಬಸ್ಸಿಗೆ ಜನರನ್ನು ಕೂಗಿದವನು. ಆಗ ಸುಲಭ. ತುಮಕೂರು ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಿತ್ತು.

ನವೆಂಬರ್ 14, ಶುಕ್ರವಾರ

ಚಾಲೆಂಜರ್ ಅಂದಮೇಲೆ ಒಂದು ಕಥೆ ಬೇಕು. ಜಗನ್‌ನನ್ನು ಕೂರಿಸಿಕೊಂಡು ಕೇಳಿದೆ.

"ಯಾರ್ ಮೇಲಾದ್ರೂ ಸಿಟ್ಟಿದ್ಯಾ?"

"ಇಲ್ಲಣ್ಣ."

"ಲವ್ ಫೇಲ್ಯೂರ್?"

"ಇಲ್ಲಣ್ಣ."

"ಹೋಗ್ಲಿ, ಚಿಕ್ಕೋನಿದ್ದಾಗ ಯಾರಾದ್ರೂ ಹೊಡ್ದಿದ್ರಾ?"

ಯೋಚಿಸಿದ. "ಅಮ್ಮ. ಮೊಸರು ಚೆಲ್ಲಿದ್ದಕ್ಕೆ."

"ಮತ್ಯಾಕೋ ಮಗಾ ಫೈಟ್ ಆಡ್ತೀಯ?"

"ಚೆನ್ನಾಗಿರುತ್ತಣ್ಣ."

ಇದನ್ನು ಏನಂತ ಮಾರಲಿ? ಏರ್‌ಪೋರ್ಟ್ ಕಾರ್ಗೋದಲ್ಲಿ ಲೋಡಿಂಗ್ ಕೆಲಸ. ಸಂಜೆ ಪ್ರಾಕ್ಟೀಸ್. ಮನೆಯಲ್ಲಿ ಅಮ್ಮ ಬೈರಮ್ಮ, ಎರಡು ಸೀಮೆಹಸು. ಆಡಿದ ಒಂಬತ್ತು ಫೈಟಲ್ಲಿ ಎಂಟು ಗೆದ್ದಿದ್ದಾನೆ, ನೋಡಿದವರಿಲ್ಲ. ಹಿಂದಿನಿಂದ ಕತ್ತಿಗೆ ತೋಳು ಸುತ್ತಿದನೆಂದರೆ ಮುಗಿಯಿತು, ಎದುರಾಳಿ ಕೈ ತಟ್ಟಿ ಸೋಲೊಪ್ಪಬೇಕು. ಆಮೇಲೆ ಇವನೇ ಅವನನ್ನು ಎಬ್ಬಿಸಿ ನೀರು ಕೊಡುತ್ತಾನೆ. ಆ ನೀರು ಕೊಡೋದು ಬಿಡೋ, ನೋಡೋಕೆ ಚೆನ್ನಾಗಿರಲ್ಲ ಅಂದೆ. ಕೇಳಲಿಲ್ಲ.

ಸಂಜೆ ಆರ್.ಟಿ. ನಗರದ ನನ್ನ ರೂಮಿಗೆ ಬಂದ. ಟೀ ಕುಡಿದೆವು. ವಾಟರ್ ಕ್ಯಾನಿನವನನ್ನು ಬಿಟ್ಟರೆ ಇಲ್ಲಿಗೆ ಇನ್ನೊಬ್ಬರು ಬಂದು ಎಷ್ಟು ಕಾಲವಾಯಿತೋ. ದಿನವಿಡೀ ಬಾಯನ್ನು ಬಾಡಿಗೆಗೆ ಕೊಡುವವನು ನಾನು. ಜೊತೆಗೆ ಸುಮ್ಮನೆ ಕೂರಲು ಒಬ್ಬ ಸಿಕ್ಕ.

ನವೆಂಬರ್ 19, ಬುಧವಾರ

ವೆಂಕಟಸ್ವಾಮಿ ಆಫೀಸಿಗೆ ಕರೆಸಿದರು. ಸೈಟು ವ್ಯಾಪಾರದವರು, ಮಗನಿಗೆ ಜಿಮ್ ಹಾಕಿಕೊಟ್ಟು ಈ ಹುಚ್ಚು ಹತ್ತಿಸಿಕೊಂಡರು. ಷೋ ಅವರದೇ, ದುಡ್ಡೂ ಅವರದೇ.

"ಮುನೀಂದ್ರ, ಎಂಟ್ನೂರ್ ಚೇರ್ ಹಾಕಿಸ್ತಿದೀನಿ. ಚೇರ್‌ಗಳೇ ಕೂತು ಫೈಟ್ ನೋಡ್ಬೇಕಾ?"

"ಇನ್ನೂ ಟೈಮಿದೆ ಸಾರ್."

"ತಿಂಗಳ ಕೊನೆಗೆ ಅರ್ಧ ಹಾಲ್ ತುಂಬ್ದೇ ಇದ್ರೆ ನಿನ್ ಜಗನ್ ಬೇಡ. ಸಂಜಯನಗರದಲ್ಲಿ ಒಬ್ಬ ಇದಾನೆ, ಜಿಮ್ ರೀಲ್ಸ್ ಮಾಡ್ತಾನೆ, ಲಕ್ಷ ಜನ ಫಾಲೋಯರ್ಸು. ಅವನ್ನ ಹಾಕ್ತೀನಿ."

"ಅವ್ನಿಗೆ ಫೈಟ್ ಬರುತ್ತಾ ಸಾರ್?"

"ಚೇರ್ ತುಂಬ್ಸೋಕ್ ಬರುತ್ತೆ."

ಜಗನ್‌ಗೆ ಹೇಳಿಲ್ಲ. ಅವನಿಗೀಗ ಇಪ್ಪತ್ತೊಂಬತ್ತು. ಬೆಲ್ಟಿಗೆ ಆಡುವ ಅವಕಾಶ ಇನ್ನೊಂದು ಸಲ ಬಾರದು.

ಊರಿಂದಲೇ ಶುರು ಮಾಡೋಣ ಅಂತ ಫ್ಲೆಕ್ಸ್ ಮಾಡಿಸಿದೆ. ಬಣ್ಣ ಹಾಕಿದರೆ ಬರ್ತ್‌ಡೇ ಫ್ಲೆಕ್ಸುಗಳ ಮಧ್ಯೆ ಕಳೆದುಹೋಗುತ್ತದೆ — ಆದ್ದರಿಂದ ಕಪ್ಪು-ಬಿಳುಪು. ಮುಖ ಮಾತ್ರ, ನಗು ಇಲ್ಲ. ಮೇಲೆ: ಈ ಮುಖವನ್ನು ಮರೆಯಲಾರಿರಿ. ಕೆಳಗೆ: ಜಗನ್, ಬಾಗಲೂರು. ಡಿಸೆಂಬರ್ 14, ಭಾನುವಾರ. ಮಂಟಪದ ವಿಳಾಸ. ತಾವೆಲ್ಲರೂ ಬರಬೇಕು. ನನ್ನ ನಂಬರು. ಫೈಟ್ ಅನ್ನುವ ಪದವನ್ನೇ ಬಿಟ್ಟೆ. ಕುತೂಹಲ ಇರಲಿ.

ನಾಳೆ ಸಂಜೆ ಕಟ್ಟಿಸಬೇಕು. ಸರ್ಕಲ್ಲಿನಲ್ಲಿ ಒಂದು, ಹಾಲಿನ ಡೇರಿ ಮುಂದೆ ಒಂದು.

ನವೆಂಬರ್ 21, ಶುಕ್ರವಾರ. ಬೆಳಿಗ್ಗೆ 7

ಎದ್ದಾಗಿನಿಂದ ಗೊತ್ತಿಲ್ಲದ ನಂಬರುಗಳಿಂದ ಫೋನು. "ಮಣ್ಣು ಎಷ್ಟೊತ್ತಿಗೆ ಸಾರ್?" ಲಾರಿ ಮಣ್ಣಿನ ವ್ಯಾಪಾರ ಇರಬೇಕು ಅಂತ ರಾಂಗ್ ನಂಬರ್ ಅಂದು ಇಟ್ಟೆ.

ಈಗ ಜಗನ್ ಫೋನ್ ಮಾಡಿದ. "ಅಣ್ಣ, ನಾನು ಸತ್ತೋಗಿದೀನಂತೆ. ಬೇಗ ಬಾ."

ಅದೇ ದಿನ, ಮಧ್ಯಾಹ್ನ

ಮನೆ ಮುಂದೆ ಚಪ್ಪಲಿ ರಾಶಿ. ಡೇರಿಗೆ ಹಾಲು ಹಾಕಲು ಬಂದವರು ಫ್ಲೆಕ್ಸ್ ನೋಡಿ, ಹಾರ ತೆಗೆದುಕೊಂಡು ಹಾಗೇ ಬಂದಿದ್ದಾರೆ. ಬಣ್ಣವಿಲ್ಲದ ಮುಖ, ತಾರೀಖು, ಕಲ್ಯಾಣ ಮಂಟಪ. ದಿನ ಎಣಿಸದೆ, ವೈಕುಂಠ ಸಮಾರಾಧನೆ ಅಂದುಕೊಂಡಿದ್ದಾರೆ. ಇನ್ನೇನು ಅಂದುಕೊಳ್ಳುತ್ತಾರೆ? ನಮ್ಮಲ್ಲಿ ಫ್ಲೆಕ್ಸಿನ ಫೋಟೋದಿಂದ ಬಣ್ಣ ತೆಗೆಯುವುದು ಒಂದೇ ಕಾರಣಕ್ಕೆ. ಇಷ್ಟು ಫ್ಲೆಕ್ಸ್ ಬರೆಸಿದ ನನಗೆ ಹೊಳೆಯಲಿಲ್ಲ.

ಜಗನ್‌ಗೆ ನೈಟ್ ಶಿಫ್ಟ್, ಫೋನು ಲಾಕರಿನಲ್ಲಿ, ತೆಗೆದಾಗ ಚಾರ್ಜಿಲ್ಲ. ಬಸ್ಸಿಳಿದು ಬಂದವನು ಗುಂಪಿನ ಹಿಂದೆ ನಿಂತು "ಯಾರು ಹೋಗಿದ್ದು?" ಅಂತ ಕೇಳಿದನಂತೆ. ಯಾರೋ ಅವನ ಕೈಗೂ ಒಂದು ಹಾರ ಕೊಟ್ಟರಂತೆ. ಅದನ್ನು ಹಿಡಿದುಕೊಂಡೇ ಡೇರಿ ಮುಂದಿನ ಫ್ಲೆಕ್ಸ್ ನೋಡಲು ಓಡಿದನಂತೆ. ಜನ ಈಗಾಗಲೇ ಹೇಳಿಕೊಂಡು ನಗುತ್ತಿದ್ದಾರೆ.

ಬೈರಮ್ಮ ನಗುತ್ತಿರಲಿಲ್ಲ.

"ನೀನೇನಾಪ್ಪಾ ಇಂಗೆ ಆಕ್ಸಿದ್ದು? ಅವ್ನಿಗ್ ಫೋನ್ ಮಾಡುದ್ರೆ ಎತ್ತಾಕಿಲ್ಲ. ಬಂದೋರೆಲ್ಲಾ ಓದ ಓದ ಅಂತವ್ರೆ. ಒಂದ್ ಗಂಟೆ ನನ್ ಮಗ ಇರ್ನಿಲ್ಲ ಕಣಪ್ಪಾ. ಆ ಒಂದ್ ಗಂಟೆನ ಎಲ್ ಓಗಿ ಬಿಸಾಕ್ಲಿ?"

"ತಪ್ಪಾಯ್ತಮ್ಮ."

"ತಪ್ಪಾಯ್ತು ಅನ್ನಕ್ಕೆ ನನ್ ಕಾಲ್ ತುಳ್ದಿದ್ಯಾ?"

ಬೈರಮ್ಮ ಒಳಗೆ ಹೋದರು. ಬಂದವರಿಗೆಲ್ಲ ಕಾಫಿ ಕೊಟ್ಟರು. ನನಗೂ ಕೊಟ್ಟರು, ಮುಖ ನೋಡದೆ.

ನವೆಂಬರ್ 23, ಭಾನುವಾರ

ಯಾರೋ ವಿಡಿಯೋ ಮಾಡಿದ್ದಾರೆ. ಜಗನ್ ಕೈಯಲ್ಲಿ ಹಾರ ಹಿಡಿದು, ತನ್ನದೇ ಫ್ಲೆಕ್ಸ್ ಮುಂದೆ ಪೆಚ್ಚಾಗಿ ನಿಂತಿದ್ದಾನೆ. ಹೆಬ್ಬಾಳದಿಂದ ಜಾಲಹಳ್ಳಿವರೆಗೆ ಎಲ್ಲರ ಮೊಬೈಲಲ್ಲೂ ಅದೇ. ಎರಡು ದಿನದಲ್ಲಿ ಮುನ್ನೂರು ಟಿಕೆಟ್.

ವೆಂಕಟಸ್ವಾಮಿ ಬೆನ್ನು ತಟ್ಟಿದರು. "ಏನ್ ತಲೆ ಕಣೋ ನಿಂದು! ಬದುಕಿರೋನ್ನ ಸಾಯಿಸಿ ಮಾರಿಬಿಟ್ಟೆ!"

ಬೇಕಂತ ಮಾಡಿದ್ದಲ್ಲ ಅಂತ ಹೇಳಬಹುದಿತ್ತು. ಹೇಳಲಿಲ್ಲ. ರೂಮಿಗೆ ಬಂದು ಇನ್ನೊಂದು ರೀಲ್ ಬಿಟ್ಟೆ, ನನ್ನದೇ ದನಿಯಲ್ಲಿ: "ಬರ್ತಿದಾನೆ… ಸತ್ತ ಜಗ್ಗ!" ಆ ಹೆಸರು ಯಾರೂ ಇಟ್ಟಿದ್ದಲ್ಲ. ನಾನೇ.

ಡಿಸೆಂಬರ್ 3, ಬುಧವಾರ

ಟಿಕೆಟ್ ಖಾಲಿ. ರೀಲ್ಸಿನವನ ಸುದ್ದಿ ನಿಂತಿದೆ. ಬೆಲ್ಟಿಗೆ ಆಡುವವನು ಜಗನ್ನೇ. ಯಶವಂತಪುರದ ಕ್ಯಾಂಟೀನಿನ ಹುಡುಗರು ಈಗ ಅವನ ವಿಡಿಯೋ ತೆಗೆದು ತೋರಿಸುತ್ತಾರೆ.

ಸಂಜೆ ಬಂದ. ಎಂದಿನಂತೆ ಕೂತ. ಟೀ ಆರಿತು.

"ಅಣ್ಣ, ಅವತ್ತು ಅಮ್ಮ ಬರ್ತಾಳೆ. ಮೈಕಲ್ಲಿ ಆ ಹೆಸ್ರು ಕೂಗ್ಬೇಡ."

"ಟಿಕೆಟ್ ಹೋಗಿರೋದೇ ಆ ಹೆಸರಿಗೆ ಕಣೋ."

"ನಾನ್ ಮಲಗಿದ್ರೆ ಬಂದು ಮೂಗ್ ಹತ್ರ ಕೈ ಇಟ್ಟು ನೋಡ್ತಾಳಣ್ಣ. ದಿನಾ."

ಆರಿದ ಟೀ ಪಕ್ಕಕ್ಕಿಟ್ಟು ಕೇಳಿದೆ, "ಮತ್ತೇನಂತ ಕೂಗ್ಲಿ?"

"ಬೈರಮ್ಮನ ಮಗ ಜಗನ್. ಅಷ್ಟೇ."

"ಆಯ್ತು. ಮಾತು ಕೊಟ್ಟೆ."

ನಕ್ಕ. "ನಿಂದು ಮಾತೇ ಅಲ್ವಾ ಅಣ್ಣ ವ್ಯಾಪಾರ."

ಡಿಸೆಂಬರ್ 15, ಸೋಮವಾರ

ದನಿ ಹೋಗಿದೆ. ಬರೆಯುತ್ತೇನೆ.

ಹಾಲ್ ತುಂಬಿತ್ತು. ಮಧ್ಯದಲ್ಲಿ ಕೇಜ್, ಫೈಟ್ ಆಡುವ ತಂತಿಬಲೆಯ ಪಂಜರ. ಬೈರಮ್ಮ ಮೊದಲ ಸಾಲಲ್ಲಿ, ಮದುವೆಗೆ ಬಂದ ಹಾಗೆ ಹಸಿರು ರೇಷ್ಮೆ ಸೀರೆ ಉಟ್ಟು. ವೆಂಕಟಸ್ವಾಮಿ ಕಿವಿಯಲ್ಲಿ, "ಕೂಗೋ, ಕಾಯ್ತಿದಾರೆ."

"ಬಾಗಲೂರಿನ ಬೈರಮ್ಮನ ಮಗ… ಜಗನ್!"

ಅಷ್ಟೇ ಅಂದೆ. ಇಷ್ಟು ವರ್ಷ ಮೈಕ್ ಹಿಡಿದು, ಕೊಟ್ಟ ಮಾತಿಗಾಗಿ ಕಡಿಮೆ ಮಾತಾಡಿದ್ದು ಇದೇ ಮೊದಲು. ಆಮೇಲೆ ಹಿಂದಿನ ಸಾಲಿಂದ ಒಬ್ಬ, "ಸತ್ತ ಜಗ್ಗ!" ಅವನ ಹಿಂದೆ ಎಲ್ಲರೂ. ಚಪ್ಪಾಳೆ, ಸೀಟಿ, ಸತ್ತ ಜಗ್ಗ, ಸತ್ತ ಜಗ್ಗ. "ಬೇಡ, ಬೇಡ, ದಯವಿಟ್ಟು ಬೇಡ" ಅಂತ ಮೈಕಲ್ಲಿ ಬೇಡಿಕೊಂಡೆ. ಅದೂ ಆಟದ ಭಾಗ ಅಂದುಕೊಂಡು ಇನ್ನೂ ಜೋರಾಗಿ ಕೂಗಿದರು. ಜನರನ್ನು ಕೂಗಿಸುವುದು ಗೊತ್ತು. ಸುಮ್ಮನಾಗಿಸುವುದನ್ನು ನಾನು ಕಲಿತಿಲ್ಲ.

ಬೈರಮ್ಮ ಸೆರಗಿನಿಂದ ಎರಡೂ ಕಿವಿ ಮುಚ್ಚಿಕೊಂಡರು. ಜಗನ್ ಅವರನ್ನು ನೋಡಿದ. ಆಮೇಲೆ ನನ್ನನ್ನು.

ಎರಡು ರೌಂಡ್ ಚೆನ್ನಾಗಿ ಏಟು ತಿಂದ. ಹುಬ್ಬು ಒಡೆಯಿತು. ಮೂರನೆಯದರಲ್ಲಿ ಹೇಗೋ ಮುಂಬೈಯವನ ಬೆನ್ನಿಗೆ ಬಂದ, ಕತ್ತಿಗೆ ತೋಳು ಬಿತ್ತು. ಅವನು ಕೈ ತಟ್ಟಿದ. ಜಗನ್ ಅವನನ್ನು ಎಬ್ಬಿಸಿ ನೀರು ಕೊಟ್ಟ. ಸೊಂಟಕ್ಕೆ ಬೆಲ್ಟ್ ಕಟ್ಟಿದರು. ಮೈಕ್ ಕೊಟ್ಟೆ.

"ನನ್ ಹೆಸ್ರು ಜಗನ್." ಇಷ್ಟೇ ಅಂದು, ಮೈಕನ್ನು ನನ್ನ ಕೈಗೆ ಕೊಡದೆ ನೆಲದ ಮೇಲಿಟ್ಟ.

ಒಳಗೆ ರೂಮಿನಲ್ಲಿ ಅವನ ಹುಬ್ಬಿಗೆ ಹೊಲಿಗೆ ಹಾಕುತ್ತಿದ್ದರು. "ನಾನ್ ಕೂಗ್ಲಿಲ್ಲ ಕಣೋ ಜಗನ್."

"ಹೂಂ ಅಣ್ಣ. ನೀನ್ ಕೂಗ್ಲಿಲ್ಲ. ಜನರ ಕೈಲಿ ಕೂಗಿಸ್ದೆ."

ನಾನು ಹೇಳಿಕೊಟ್ಟಿರಲಿಲ್ಲ ಅಂದೆ. ಅಂದಾಗ ನನ್ನ ಕಿವಿಗೇ ಅದು ವ್ಯಾಪಾರದ ಮಾತಿನಂತೆ ಕೇಳಿಸಿತು. ಹೊರಗೆ ವೆಂಕಟಸ್ವಾಮಿ ಮುಖ ಸಿಂಡರಿಸಿಕೊಂಡು, "ಸರಿಯಾದ ಟೈಮಲ್ಲೇ ಬಾಯಿಗೆ ಬೀಗ ಹಾಕ್ಕೊಂಡ್ಯಲ್ಲೋ!"

ಡಿಸೆಂಬರ್ 21, ಭಾನುವಾರ

ಫೋನು ಎತ್ತುತ್ತಿಲ್ಲ. ಬಾಗಲೂರಿಗೇ ಹೋದೆ. ಬಾಗಿಲಿಗೆ ಬೈರಮ್ಮ ಬಂದರು.

"ಅವ್ನು ಇಲ್ಲ ಕಣಪ್ಪಾ —"

ಅಂದವರು ತಮ್ಮ ಮಾತಿಗೆ ತಾವೇ ಬೆಚ್ಚಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಕೆಲ್ಸುಕ್ ಓಗವ್ನೆ. ಕೆಲ್ಸುಕ್ ಓಗವ್ನೆ ಅಂದೆ. ಸಂಜಿಗ್ ಬತ್ತಾನೆ."

ಕಾಯುತ್ತೇನೆ ಅನ್ನಲಿಲ್ಲ. ಕೂತ್ಕೋ ಅಂತ ಅವರೂ ಅನ್ನಲಿಲ್ಲ.

ಜನವರಿ 9, ಶುಕ್ರವಾರ

ಲೆಕ್ಕ ಮುಗಿಸಿಬಿಡೋಣ.

ವೆಂಕಟಸ್ವಾಮಿಗೆ: ತುಂಬಿದ ಹಾಲ್, ಮುಂದಿನ ಷೋಗೆ ಸ್ಪಾನ್ಸರ್. ಮುಂಬೈಯವನಿಗೆ: ಸೋಲು, ಇನ್ನಷ್ಟು ಫಾಲೋಯರ್ಸ್. ಜಗನ್‌ಗೆ: ಬೆಲ್ಟು, ಪುಣೆಯಲ್ಲಿ ಆರು ತಿಂಗಳ ಟ್ರೈನಿಂಗ್ — ಇನ್‌ಸ್ಟಾದಲ್ಲಿ ನೋಡಿ ತಿಳಿಯಿತು — ಮತ್ತು ಬೇಡವಾದ ಒಂದು ಹೆಸರು. ಬೈರಮ್ಮನಿಗೆ: ಮಗ. ಮೊದಲೇ ಇದ್ದವನು.

ನನಗೆ: ಇನ್ನೂ ಮೂವರು ಚಾಲೆಂಜರುಗಳು, ಯಾರೂ ಹೆಸರು ಕೇಳದವರು. ಮೊದಲನೆಯವನು ಮಾಕಳಿಯವನು. ನಾಳೆ ರೂಮಿಗೇ ಬರ್ಲಾ ಅಣ್ಣ ಅಂದ. ಬೇಡ, ಯಶವಂತಪುರದ ಹೋಟೆಲಲ್ಲಿ ಸಿಗೋಣ ಅಂದೆ.