ಕಾಲಿಗೆ ಸಿಗದ ಮೆಟ್ಟಿಲು

ಶುಭಾ, ಮಾಗಡಿ ರಂಗನಾಥ ನಿನ್ನನ್ನೂ ಮಕ್ಕಳನ್ನೂ ಚೆನ್ನಾಗಿಟ್ಟಿರಲಿ.

ಫೋನಿನಲ್ಲಿ ನನಗೆ ಮಾತು ಕೂಡಿಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ರಾಜಾಜಿನಗರದ ಮನೆ ಒಡೆಯಲು ಕೊಡುವ ಮುಂಚೆ ನೀನೊಂದು ಮಾತು ಹೇಳಿದ್ದೆ. "ಅತ್ತಿಗೆ, ಅಮ್ಮಂಗೆ ಕಣ್ಣೇ ಕಾಣಲ್ಲ, ಯಾವ ಮನೆ ಆದ್ರೇನು ಬಿಡಿ." ನಿನ್ನ ಮೇಲೆ ಕೋಪವಿಲ್ಲಮ್ಮ. ಅದಕ್ಕೆ ಉತ್ತರ ಈ ಕಾಗದ.

ಮದುವೆಯಾಗಿ ಬಂದಾಗ ನಿಮ್ಮ ಮನೆ ನೋಡಿ ಹೆದರಿದ್ದೆ. ಹಂಚಿಲ್ಲ, ಜಗಲಿಯಿಲ್ಲ; ಚಪ್ಪಟೆ ತಾರಸಿ, ಉದ್ದಕ್ಕೆ ಚಾಚಿದ ಸಜ್ಜಾ, ರಸ್ತೆ ಕಡೆಗೆಲ್ಲ ತೂತು ತೂತಿನ ಸಿಮೆಂಟ್ ಜಾಲಿ. ಅಡುಗೆಮನೆಗೂ ಊಟದ ಜಾಗಕ್ಕೂ ನಡುವೆ ಗೋಡೆಯೇ ಇಲ್ಲ. ಅಲ್ಲಿಂದ ಎರಡು ಮೆಟ್ಟಿಲು ಇಳಿದರೆ ಹಾಲ್. ನಮ್ಮಪ್ಪ ನನ್ನ ಕಿವಿಯಲ್ಲಿ, "ನೆಲ ತುಂಬ್ಸಕ್ಕೆ ಮಣ್ಣು ಸಾಲ್ಲಿಲ್ವೇನಮ್ಮಿ ಇವ್ರಿಗೆ?" ಅಂದ. ಅತ್ತೆಗೆ ಕೇಳಿಸಿಬಿಟ್ಟಿತು. "ಇದು ಹೊಸಾ ಫ್ಯಾಷನ್ನು ಬೀಗ್ರೇ, ಅರವತ್ತೈದ್ರಲ್ಲೇ ಕಟ್ಟಿದ್ದು" ಎಂದು ನಕ್ಕರು.

ಕಣ್ಣು ಹೋದ ಮೇಲೆ ಆ ಮನೆಯೇ ಅವರನ್ನು ನಡೆಸುತ್ತಿತ್ತು. ಕೆಂಪು ನೆಲಕ್ಕೂ ಕಪ್ಪು ಅಂಚಿಗೂ ನಡುವಿನ ಗೀರನ್ನು ಹೆಬ್ಬೆರಳಲ್ಲೇ ಹಿಡಿದು ಬರುತ್ತಿದ್ದರು. ಎರಡು ಮೆಟ್ಟಿಲು ಇಳಿದು, ಜಾಲಿಯ ಗಾಳಿ ಕೆನ್ನೆಗೆ ತಾಗಿದರೆ ಎಡಕ್ಕೆ ತಿರುಗಿ, ದುಂಡು ಗೋಡೆ ಸವರಿಕೊಂಡು ದೇವರ ಮುಂದೆ. ಬತ್ತಿ ತಾವೇ ಹಾಕಿ, ಹಚ್ಚುವುದಕ್ಕೆ ಮಾತ್ರ ನನ್ನನ್ನು ಕೂಗುತ್ತಿದ್ದರು.

ಬಸವೇಶ್ವರನಗರದ ಈ ಬಾಡಿಗೆ ಮನೆಯಲ್ಲಿ ಬಾಗಿಲಿಂದ ಹಿತ್ತಿಲವರೆಗೂ ಒಂದೇ ಸಮ ಟೈಲ್ಸು. ವಯಸ್ಸಾದವರಿಗೆ ಇದೇ ಒಳ್ಳೆಯದು ಅಂತಾರೆ ಎಲ್ಲರೂ. ಅತ್ತೆ ಮಾತ್ರ ಹಾಲ್ ನಡುವೆ ನಿಂತು, ಕಾಲು ಮುಂದೆ ಚಾಚಿ ಹುಡುಕುತ್ತಾರೆ. ತಡೆಯಲಾರದೆ ಅಲ್ಲೊಂದು ಮಣೆ ಇಟ್ಟೆ. ಹತ್ತಿ ಇಳಿದು ಸಲೀಸಾಗಿ ಹೋದರು. ಆಮೇಲೆ ನಿಮ್ಮಣ್ಣ ಎಡವಿ ಅದನ್ನು ಅಟ್ಟಕ್ಕೆಸೆದರು. "ಅಮ್ಮ ಬಿದ್ದು ಸೊಂಟ ಮುರ್ಕೊಂಡ್ರೆ ಯಾರೇ ನೋಡೋರು?" ಅವರ ಮಾತೂ ಸುಳ್ಳಲ್ಲ.

ಹಳೇ ಮನೆ ಜಾಗದಲ್ಲಿ ಏಳುತ್ತಿರುವ ಹೊಸ ಕಟ್ಟಡದಲ್ಲಾದರೂ ಎರಡು ಮೆಟ್ಟಿಲು ಹಾಕಿಕೊಡಪ್ಪ ಎಂದು ಇಂಜಿನಿಯರನ್ನು ಕೇಳಿದೆ. "ಎಲ್ರೂ ತೆಗ್ಸಿ ಅಂತಾರೆ ಆಂಟಿ, ನೀವು ಹಾಕ್ಸಿ ಅಂತೀರಲ್ಲ" ಎಂದು ನಕ್ಕ. ಮನೆ ಪತ್ರಕ್ಕೆ ನಿನ್ನ ಸಹಿ ಬೇಕಿತ್ತು, ನಿಮ್ಮಣ್ಣನದು ಬೇಕಿತ್ತು, ಅತ್ತೆಯ ಹೆಬ್ಬೆಟ್ಟೂ ಬೇಕಿತ್ತು. ನನ್ನನ್ನು ಯಾರು ಕೇಳಬೇಕು? ರಂಗನಾಥನಿಗೆ ಹೇಳಿಕೊಂಡೆ. ಅವನೂ ಕೇಳಿಸಿಕೊಂಡು ಸುಮ್ಮನಿದ್ದಾನೆ.

ಈಗ ಅತ್ತೆ ಮಂಚದಿಂದ ಏಳುವುದೇ ಕಡಿಮೆಯಾಗಿದೆ. ಮೊನ್ನೆ ಕೈಹಿಡಿದು ನಡೆಸುತ್ತಿದ್ದೆ, ಅದೇ ಜಾಗದಲ್ಲಿ ನಿಂತರು. "ಮೆಟ್ಟಿಲು ಬಂತು ಅತ್ತೆ, ನಿಧಾನ" ಅಂದುಬಿಟ್ಟೆ. ಕಾಲಿಳಿಸಿದರು. ಸಮನೆಲ ತಾಗಿ ಮೈಯೆಲ್ಲ ಅದುರಿತು.

"ಸವೆದೇ ಹೋಗಿದೆಯಲ್ಲೇ ಇಂದ್ರಾ?"

"ಹೂಂ ಅತ್ತೆ, ಎಷ್ಟು ವರ್ಷ ಆಯ್ತಲ್ಲ."

ಆಮೇಲೆ ನನ್ನ ಕೈ ಬಿಡದೆ ದೇವರವರೆಗೂ ನಡೆದರು. ಅವರು ಹಾಕಿದ ಬತ್ತಿಯನ್ನು ಆ ಸುಳ್ಳಾಡಿದ ಬಾಯಲ್ಲೇ ದೇವರ ನಾಮ ಹೇಳುತ್ತ ಹಚ್ಚಿದೆ. ಬೇರೇನು ಮಾಡಲಿ, ನನಗೆ ತಿಳಿಯದು.

ಗೌರಿ ಹಬ್ಬಕ್ಕೆ ಬರುತ್ತೀಯಲ್ಲ, ಅಮ್ಮನ ಕೈ ಹಿಡಿದು ನಡೆಸುವಾಗ ಹಾಲ್ ನಡುವೆ ಸ್ವಲ್ಪ ನಿಲ್ಲು. ಅವರು ಕೇಳಿದರೆ, ನೀನೂ ಹೂಂ ಅನ್ನು.

ನಿನ್ನ ಹೊಸಿಲು ತಂಪಾಗಿರಲಿ ತಾಯಿ.

ನಿನ್ನ ಅತ್ತಿಗೆ,
ಇಂದ್ರಮ್ಮ